ನಿದ್ದೆಗೆಟ್ಟ ಊರಿನ ಮಳೆಗಾಲ

ಹೋದ ತಿಂಗಳು ನಿಲಂಗಾದಿಂದ ಉಮರ್ಗಾಕ್ಕೆ ಹೋಗುವ ಬಸ್ಸಿನಲ್ಲಿ ಒಬ್ಬ ಕುರಿಗಾರ ಒದ್ದೆ ಕಂಬಳಿ ಹೊದ್ದುಕೊಂಡೇ ಬಂದು ನನ್ನ ಪಕ್ಕ ಕುಳಿತ. ಹೊರಗೆ ಮಳೆ, ಕಿಟಕಿಗಳೆಲ್ಲ ಮುಚ್ಚಿದ್ದವು. ಉಣ್ಣೆ, ಒಲೆಯ ಹೊಗೆ, ಕೆಸರು ಎಲ್ಲ ಕಲೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗೈ ತಾನಾಗಿಯೇ ಮುಷ್ಟಿ ಕಟ್ಟಿ ಬಿಚ್ಚತೊಡಗಿತು. ಎದುರು ಸೀಟಿನ ಹೆಣ್ಣುಮಗಳು ನೋಡಿ, "ಆಯೀ, ಕೈ ಜೋಮು ಹಿಡದದೇನ್ರೀ?" ಎಂದು ಕೇಳಿದಳು. ಹೌದವ್ವ ಎಂದು ಸುಮ್ಮನಾದೆ. ಬಸ್ಸಿನಲ್ಲಿ ಪುರಾಣ ಬಿಚ್ಚುವ ಸ್ವಭಾವ ನನ್ನದಲ್ಲ.

ಕೈಗೆ ಈ ಚಾಳಿ ಹತ್ತಿದ್ದು ನಮ್ಮ ಸೀಮೆಯ ಹಳ್ಳಿಗಳನ್ನು ನೆಲಸಮ ಮಾಡಿದ ಭೂಕಂಪದ ಮರುವರ್ಷದ ಮಳೆಗಾಲದಲ್ಲಿ. ಉಮರ್ಗಾದ ಹೆದ್ದಾರಿ ಬದಿಯ ಒಂದು ಸಣ್ಣ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಾನು ನರ್ಸ್ ಆಗಿದ್ದೆ. ಉದಗೀರದಲ್ಲಿ ನಮ್ಮದು ಬಟ್ಟೆ ಅಂಗಡಿ. ಅಪ್ಪ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಗಾದಿಯ ಮೇಲೆ ಕೂತಿರುತ್ತಿದ್ದ. ಗಿರಾಕಿಗಳು ನನ್ನ ಸುದ್ದಿ ಕೇಳಿದರೆ, "ನಮ್ಮ ಗಿರಿಜಾ ದವಾಖಾನ್ಯಾಗ ಬರಿಯೂ ಕೆಲಸ ಮಾಡ್ತಾಳ್ರೀ" ಎನ್ನುತ್ತಿದ್ದ. ಮಗಳು ಕಂಡವರ ರಕ್ತ, ವಾಂತಿ ಬಳಿಯುತ್ತಾಳೆ ಎಂದು ಹೇಳಲು ಅವನ ನಾಲಿಗೆ ಏಳುತ್ತಿರಲಿಲ್ಲ. ನನಗೂ ಅವನನ್ನು ತಿದ್ದುವ ಉಮೇದು ಇರಲಿಲ್ಲ.

ಆ ಕೆಲಸ ನನಗೆ ಇಷ್ಟವಿತ್ತು, ಇದನ್ನು ಮುಚ್ಚಿಡುವುದೇಕೆ? ಬೆಳಿಗ್ಗೆ ಬಂದ ಕೂಡಲೇ ಸಿರಿಂಜು ಕುದಿಸಲು ಇಡುವುದು, ಆಮ್ಲಜನಕದ ಸಿಲಿಂಡರಿನ ಮುಳ್ಳು ಎಲ್ಲಿದೆ ನೋಡುವುದು, ಹಾವಿನ ಮದ್ದಿನ ಸೀಸೆ ಎಷ್ಟು ಉಳಿದಿವೆ ಎಣಿಸುವುದು, ನೆಲಕ್ಕೆ ಫಿನಾಯಿಲ್ ಹಾಕಿಸುವುದು. ಅಷ್ಟರಲ್ಲಿ ತುರೋರಿಯ ಕಡೆಯಿಂದ ಲಾರಿಗೆ ಮೋಟರ್‌ಸೈಕಲ್ ಗುದ್ದಿದವರು ಬರುವರು. ಬಿತ್ತುವ ಹೊಲದಿಂದ ಚೇಳು ಕಚ್ಚಿಸಿಕೊಂಡವರು, ಗಂಡನ ಮೇಲಿನ ಸಿಟ್ಟಿಗೆ ಬೆಳೆಗೆ ಹೊಡೆಯುವ ಎಣ್ಣೆ ಕುಡಿದವರು. ಒಬ್ಬರ ಹಿಂದೆ ಹತ್ತು ಮಂದಿ ನೆಂಟರು. ಅವರನ್ನು ಗದರಿಸಿ ಹೊರಗೆ ಅಟ್ಟುವುದೇ ಅರ್ಧ ಕೆಲಸ, ಅದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ.

ಆದರೆ ಆ ವರ್ಷ ಗದರಿಸುವ ಅಗತ್ಯವೇ ಬೀಳಲಿಲ್ಲ. ಯಾರೂ ಒಳಗೆ ಬರುತ್ತಿರಲಿಲ್ಲ. ತಲೆಯ ಮೇಲೆ ಸ್ಲ್ಯಾಬ್ ಕಂಡರೆ ಜನ ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದರು. ಅಂಗಳದಲ್ಲಿ ತಗಡಿನ ಒಂದು ಮಾಡು ಎಬ್ಬಿಸಿ, ಅದರ ಕೆಳಗೆ ಮಂಚ ಹಾಕಿ, ನಾವು ಅಲ್ಲೇ ಹೊಲಿಗೆ ಹಾಕುತ್ತಿದ್ದೆವು, ಅಲ್ಲೇ ಸಲಾಯಿನ್ ಹಚ್ಚುತ್ತಿದ್ದೆವು. ರಸ್ತೆಯಲ್ಲಿ ಭಾರದ ಲಾರಿ ಹಾಯ್ದು ತಗಡು ಗಡಗಡ ಎಂದರೆ ಸಾಕು, ಸೊಂಟ ಮುರಿದವನೂ ಎದ್ದು ಓಡುವನು. ಊರಿಗೆ ಊರೇ ರಾತ್ರಿ ಎಚ್ಚರ ಇರುತ್ತಿತ್ತು. ನಾಯಿ ಬೊಗಳಿದರೆ ಏಳುವುದು, ಕೂಸನ್ನು ಎತ್ತಿಕೊಂಡು ಬಯಲಿಗೆ ಬರುವುದು, ಮತ್ತೆ ಹೋಗಿ ಅಡ್ಡಾಗುವುದು. ಬಂದ ರೋಗಿಗಳ ಕಣ್ಣೆಲ್ಲ ಕೆಂಪು, ರೆಪ್ಪೆಗಳೆಲ್ಲ ಭಾರ. ನಮ್ಮವೂ ಹಾಗೇ ಇದ್ದವು. ಹೊಟ್ಟೆನೋವು, ಎದೆ ಡವಡವ, ಮಾತು ನಿಂತಿತು ಎಂದು ದಿನಕ್ಕೆ ಇಷ್ಟು ಜನ ಬರುವರು. ಮುಟ್ಟಿ ನೋಡಿದರೆ ಏನೂ ಇರುತ್ತಿರಲಿಲ್ಲ, ಬರೀ ಹೆದರಿಕೆ.

ನಮ್ಮ ಮೇಲ್ವಿಚಾರಕಿ ಕುಸುಮಬಾಯಿ. ದಪ್ಪ ಕನ್ನಡಕ, ಗಟ್ಟಿ ರಟ್ಟೆ, ನಗು ಕಡಿಮೆ. ಕನ್ನಡ ಅವರ ತಾಯಿಯ ಕಡೆಯದು, ಬೈಯುವಾಗ ಮರಾಠಿ. ಬಂದ ಪ್ರತಿಯೊಬ್ಬರಿಗೂ ಅವರು ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ರಾತ್ರಿ ಎಲ್ಲಿ ಮಲಗಿದ್ದಿ? ನಿದ್ದಿ ಬಂತೇನು?" ಭೂಕಂಪಕ್ಕೆ ಮುಂಚೆ ಇದನ್ನು ಕೇಳುವ ರೂಢಿ ಇರಲಿಲ್ಲ. ಅವರ ಊರು ಲೋಹಾರಾದ ಹತ್ತಿರ. ಭೂಮಿ ನಡುಗಿದ ಆ ಬೆಳಗಿನ ಜಾವ ಅವರು ಡ್ಯೂಟಿಯ ಮೇಲೆ ಇಲ್ಲಿದ್ದರು, ಅಜ್ಜಿಯ ಹತ್ತಿರ ಬಿಟ್ಟಿದ್ದ ಅವರ ಮಗಳು ಅಲ್ಲಿ ಕಲ್ಲು ಮಣ್ಣಿನ ಅಡಿಗೆ ಸಿಕ್ಕಿ ಹೋದಳು. ನಮಗೆ ಗೊತ್ತಿದ್ದದ್ದು ಇಷ್ಟು. ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಅಂದಿನಿಂದ ಅವರು ಸ್ಲ್ಯಾಬಿನ ಒಳಕೋಣೆಗೆ ಕಾಲಿಟ್ಟಿರಲಿಲ್ಲ. ತಗಡಿನ ಮಾಡು ಅವರದು, ಒಳಗಿನ ಕೆಲಸ ನನ್ನದು. ಇದನ್ನು ಯಾರೂ ಬಾಯಿಬಿಟ್ಟು ಗೊತ್ತುಮಾಡಿರಲಿಲ್ಲ, ತಾನಾಗಿ ಹಾಗೆ ನಡೆದುಕೊಂಡು ಹೋಗುತ್ತಿತ್ತು.

ಆಷಾಢದ ಒಂದು ಬೆಳಿಗ್ಗೆ, ಜಿನುಗುವ ಮಳೆಯಲ್ಲಿ, ಕಂಬಳಿಯ ಜೋಲಿಯಲ್ಲಿ ಒಬ್ಬ ಹೆಣ್ಣುಮಗಳನ್ನು ಹೊತ್ತು ತಂದರು. ಕುರಿಗಾರರ ಮನೆಯ ಸೊಸೆ, ಸಿದ್ದವ್ವ. ಹಣೆಗೆ ಬೀರಪ್ಪನ ಭಂಡಾರ ಬಳಿದಿದ್ದರು, ಮಳೆಗೆ ಅರಿಸಿನ ಇಳಿದು ಕೆನ್ನೆಯೆಲ್ಲ ಹಳದಿಯಾಗಿತ್ತು. ಅತ್ತೆ ಮಾಳವ್ವನ ಬಗಲಲ್ಲಿ ಸಿದ್ದವ್ವನ ಮೊಲೆಗೂಸು. ಗಂಡ ಕುರಿ ಹೊಡೆದುಕೊಂಡು ದೂರದ ಬಯಲಿಗೆ ಹೋಗಿದ್ದ. ಹೊಟ್ಟೆನೋವು ಎಂದರು. ಬೆಳಿಗ್ಗೆ ಒಮ್ಮೆ ವಾಂತಿಯಾಗಿದೆ. ಮೈಮೇಲೆ ಗಾಯವಿಲ್ಲ, ಜ್ವರವಿಲ್ಲ. ರೆಪ್ಪೆ ಅರ್ಧ ಇಳಿದಿವೆ, ಮಾತು ತೊದಲುತ್ತಿದೆ.

ನಮ್ಮ ಡಾಕ್ಟರ್ ಆಗಷ್ಟೇ ಕಲಿತು ಬಂದಿದ್ದ ಹುಡುಗ, ಒಳ್ಳೆಯವನು, ಅವನೂ ನಿದ್ದೆಗೆಟ್ಟವನೇ. ಹೊಟ್ಟೆ ಒತ್ತಿ ನೋಡಿ, "ಘಾಬರಲೀ ಆಹೆ. ಹೆದ್ರಿಕೊಂಡಾಳ, ನಿದ್ದಿ ಇಲ್ಲ. ಮಲಗಿಸ್ರಿ" ಎಂದ. ನಾನೂ ಹಾಗೇ ಅಂದುಕೊಂಡಿದ್ದೆ. ಆ ವರ್ಷ ಯಾರ ರೆಪ್ಪೆ ಇಳಿದಿರಲಿಲ್ಲ, ಹೇಳಿ. ಬೇರೆ ಯಾವ ಊರಿನಲ್ಲಾದರೂ ಅದೊಂದು ಲಕ್ಷಣವಾಗಿ ಕಣ್ಣಿಗೆ ಹೊಡೆಯುತ್ತಿತ್ತು, ನಮ್ಮಲ್ಲಿ ಅದು ಊರಿನ ಮುಖವೇ ಆಗಿಹೋಗಿತ್ತು.

ಕುಸುಮಬಾಯಿ ರೂಢಿಯಂತೆ ಕೇಳಿದರು. "ರಾತ್ರಿ ಎಲ್ಲಿ ಮಲಗಿದ್ದಳ? ನಿದ್ದಿ ಮಾಡ್ಯಾಳೇನು?"

"ನಿದ್ದಿ ಛಲೋ ಮಾಡ್ಯಾಳ್ರೀ ಬಾಯಿ," ಎಂದಳು ಮಾಳವ್ವ. "ವರ್ಷ ಆಯ್ತು, ಆಕಿ ಹಂಗ ಮಲಗಿದ್ದು ನಾ ನೋಡಿಲ್ಲ. ಹುಲ್ಲಿನ ಬಣವಿ ಬಾಜೂಕ ನೆಲದ ಮ್ಯಾಲ ಕಂಬಳಿ ಹಾಸಿ ಮಲಗಿದ್ದಳು. ಕೂಸು ಅತ್ರೂ ಏಳಲಿಲ್ಲ. ಹೊತ್ತು ಮೂಡೂ ಮುಂದ ಹೊಟ್ಟಿ ಹಿಡಕೊಂಡು ಎದ್ದಳು."

ಕುಸುಮಬಾಯಿಯ ಕೈ ಹಾಗೇ ನಿಂತಿತು. "ನಿದ್ದಿ ಆಗ್ಯಾದ ಅಂದಮ್ಯಾಲ ರೆಪ್ಪಿ ಯಾಕ ಬೀಳ್ತಾವ?" ಎಂದು ತಮ್ಮಷ್ಟಕ್ಕೆ ಅಂದುಕೊಂಡು, ಸಿದ್ದವ್ವನ ಗದ್ದ ಹಿಡಿದು, "ಕಣ್ಣ ತಗಿ ನೋಡೋಣ. ಮ್ಯಾಲ ನೋಡು" ಎಂದರು. ಸಿದ್ದವ್ವ ಹುಬ್ಬು ಎತ್ತಿದಳು, ಹಣೆ ಸುಕ್ಕುಗಟ್ಟಿತು, ರೆಪ್ಪೆ ಮಾತ್ರ ಏಳಲಿಲ್ಲ. "ಉಗುಳು ನುಂಗು" ಎಂದರು. ಅದು ಬಾಯಿಯ ಅಂಚಿನಿಂದ ಇಳಿಯಿತು.

"ಡಾಕ್ಟರ್, ಮಣ್ಯಾರ!" ಎಂದು ಕೂಗಿದರು.

ಕಟ್ಟುಹಾವಿಗೆ ಇಲ್ಲಿ ಹಾಗೆನ್ನುತ್ತಾರೆ. ನೆಲದ ಮೇಲೆ ಮಲಗಿದವರ ಬೆಚ್ಚನೆಯ ಹಾಸಿಗೆಗೆ ಬಂದು ಕಚ್ಚಿ ಹೋಗುತ್ತದೆ, ಎಷ್ಟೋ ಸಲ ನೋವೂ ಇಲ್ಲ, ಗುರುತೂ ಇಲ್ಲ. ಮೊದಲು ಹೊಟ್ಟೆ ನೋಯುತ್ತದೆ, ಆಮೇಲೆ ರೆಪ್ಪೆ ಬೀಳುತ್ತದೆ, ನಾಲಿಗೆ ಬೀಳುತ್ತದೆ, ಕೊನೆಗೆ ಎದೆ ಏಳುವುದೇ ನಿಲ್ಲುತ್ತದೆ. ಪಾಪ, ಡಾಕ್ಟರನಿಗೆ ತಪ್ಪು ಒಪ್ಪಿಕೊಳ್ಳಲೂ ಹೊತ್ತಿರಲಿಲ್ಲ, ಓಡಿಬಂದು ಮದ್ದಿನ ಸೀಸೆಗಳನ್ನು ಅವನೇ ಒಡೆಯತೊಡಗಿದ.

ಮದ್ದು ಏರಿಸಿದೆವು. ಆದರೆ ವಿಷ ಮುಂದೆ ಹೋಗಿತ್ತು. ಸಿದ್ದವ್ವನ ಉಸಿರು ಮೇಲೆ ಮೇಲೆ ಬಂದು, ತುಟಿ ನೀಲಿಗಟ್ಟಿತು. ಉಸಿರಾಡಿಸುವ ಯಂತ್ರ ಇದ್ದದ್ದು ಸೊಲ್ಲಾಪುರದಲ್ಲಿ. ನಮ್ಮ ಒಂದೇ ಜೀಪು ಹಿಂದಿನ ಸಂಜೆ ಅಪಘಾತದವರನ್ನು ಕರೆದುಕೊಂಡು ಅಲ್ಲಿಗೇ ಹೋಗಿತ್ತು, ಜೊತೆಗೆ ನಮ್ಮ ಮೂರನೆಯ ನರ್ಸೂ ಹೋಗಿದ್ದಳು. ಹಳ್ಳಕ್ಕೆ ನೀರು ಬಂದು ವಾಪಸು ದಾರಿ ನಿಂತಿದೆ ಎಂದು ಫೋನು ಬಂದಿತ್ತು. ನಮ್ಮ ಹತ್ತಿರ ಇದ್ದದ್ದು ಕೈಯಿಂದ ಒತ್ತುವ ರಬ್ಬರಿನ ಚೀಲ. ಗಂಟಲಿಗೆ ನಳಿಗೆ ಇಳಿಸಿ, ಅದಕ್ಕೆ ಚೀಲ ಸಿಕ್ಕಿಸಿ, ಒತ್ತುತ್ತ ಇರಬೇಕು. ಒತ್ತಿದರೆ ಎದೆ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ. ವಿಷ ತಾನಾಗಿ ಕೈ ಬಿಡುವವರೆಗೆ ಅವಳ ಉಸಿರು ನಮ್ಮ ಮುಷ್ಟಿಯಲ್ಲಿ. ತಗಡಿನ ಮಾಡಿನಲ್ಲಿ ಮಳೆ ಸೋರುತ್ತಿತ್ತು, ಸಿಲಿಂಡರು, ಕಫ ಎಳೆಯುವ ಯಂತ್ರ, ದೀಪ ಎಲ್ಲ ಒಳಕೋಣೆಯಲ್ಲಿದ್ದವು. ಒಳಗೇ ಒಯ್ಯಬೇಕಾಯಿತು.

ಮೊದಲ ಪಾಳಿ ನನ್ನದು. ಮೊದಮೊದಲು ಹಗುರ ಅನಿಸುತ್ತದೆ, ಆಮೇಲೆ ಹೆಬ್ಬೆರಳ ಬುಡ ಉರಿಯುತ್ತದೆ, ಆಮೇಲೆ ಮೊಣಕೈವರೆಗೆ ಕೈ ನಮ್ಮದಲ್ಲ. ಡಾಕ್ಟರ್ ಸ್ವಲ್ಪ ಹೊತ್ತು ಹಿಡಿದ, ಅಷ್ಟರಲ್ಲಿ ಅಂಗಳಕ್ಕೆ ಇನ್ನೊಂದು ಕೇಸು ಬಂತು, ಅವನು ಹೋದ. ನನ್ನ ಬೆರಳು ಸೆಟೆದುಕೊಂಡವು. ಬಾಗಿಲ ಕಡೆ ನೋಡಿದೆ. ಕುಸುಮಬಾಯಿ ಹೊಸ್ತಿಲ ಆಚೆ ನಿಂತಿದ್ದರು, ಕಣ್ಣು ಚಾವಣಿಯ ಬಿರುಕಿನ ಮೇಲೆ.

"ಬಾಯೀ, ನನ್ನ ಕೈ ಹೋದ್ವು," ಎಂದೆ.

ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದರು, ನನ್ನ ಕೈಯ ಮೇಲೆ ಕೈ ಇಟ್ಟು ಲಯ ತಪ್ಪದಂತೆ ಚೀಲ ತೆಗೆದುಕೊಂಡರು. ಅವರ ಅಂಗೈ ಬೆವತು ತಣ್ಣಗಿತ್ತು. ಒತ್ತುತ್ತ ಒತ್ತುತ್ತ ಸಿದ್ದವ್ವನ ಜೊತೆ ಮಾತಿಗೆ ತೊಡಗಿದರು. "ನಿನ್ನ ಕೂಸು ಹೊರಗ ಅದ, ಹಾಲು ಕುಡದದ. ನಾ ಇಲ್ಲೇ ಇದ್ದೀನಿ. ಹಾಂ, ಎಳಕೋ ಉಸರು. ಈಗ ಬಿಡು."

ನಾನು ಮದ್ದು ತರಲು ಅಂಗಳ ದಾಟಿ ಔಷಧದ ಕೋಣೆಗೆ ಹೋದೆ. ಸೀಸೆ ತೆಗೆದುಕೊಂಡು ತಿರುಗುತ್ತಿದ್ದೆ, ತಗಡು ಗಡಗಡ ಎಂದಿತು. ಲಾರಿಯೋ ಭೂಮಿಯೋ ಇವತ್ತಿಗೂ ನನಗೆ ಗೊತ್ತಿಲ್ಲ. ಕಪಾಟಿನೊಳಗಿನ ಸೀಸೆಗಳು ಒಂದಕ್ಕೊಂದು ತಾಗಿದ್ದು ಕೇಳಿದೆ. ಆಸ್ಪತ್ರೆಗೆ ಆಸ್ಪತ್ರೆಯೇ ತಗಡಿನ ಮಾಡು ಬಿಟ್ಟು ಬಯಲಿಗೆ ಬಂದು ಬಿತ್ತು. ಸಲಾಯಿನ್ ಕಿತ್ತುಕೊಂಡವರು, ಹೆರಿಗೆಗೆ ಬಂದವಳು, ಡಾಕ್ಟರ್, ಜವಾನ, ಎಲ್ಲರೂ. ಮಾಳವ್ವ ಕೂಸನ್ನು ಅವಚಿಕೊಂಡು ಕೆಸರಿನಲ್ಲೇ ಕುಕ್ಕರಿಸಿ, "ಯಪ್ಪಾ ಬೀರಪ್ಪಾ" ಎಂದು ಒದರುತ್ತಿದ್ದಳು. ನಾನು ಮುಖ ಮುಖ ಹುಡುಕಿದೆ. ಕುಸುಮಬಾಯಿ ಇರಲಿಲ್ಲ.

ಒಳಗೆ ಓಡಿದೆ. ಬಿರುಕಿನಿಂದ ಸುಣ್ಣ ಉದುರಿ ಅವರ ತಲೆ, ಸಿದ್ದವ್ವನ ಕಂಬಳಿ ಎರಡೂ ಬೆಳ್ಳಗಾಗಿದ್ದವು. ಅವರು ಕಣ್ಣು ಗಟ್ಟಿ ಮುಚ್ಚಿಕೊಂಡಿದ್ದರು. ಕೈ ಮಾತ್ರ ಒತ್ತುತ್ತಿತ್ತು, ಬಿಡುತ್ತಿತ್ತು. "ಹೆದರಬ್ಯಾಡ, ಹೆದರಬ್ಯಾಡ," ಎನ್ನುತ್ತಿದ್ದರು. ನನಗೆ ಅಳು ಬಂದುಬಿಟ್ಟಿತು. ಅಳುತ್ತಲೇ ಮದ್ದು ತುಂಬಿದೆ.

ಮಧ್ಯಾಹ್ನವಾಯಿತು. ಸಿದ್ದವ್ವ ಒಂದು ಬೆರಳೂ ಅಲುಗಿಸಲಿಲ್ಲ. ಡಾಕ್ಟರ್ ಬ್ಯಾಟರಿ ಹಚ್ಚಿ ಕಣ್ಣು ನೋಡಿದ. ಪಾಪೆ ಅಗಲವಾಗಿ ಹಾಗೇ ನಿಂತಿತ್ತು, ಬೆಳಕಿಗೆ ಕುಗ್ಗಲಿಲ್ಲ. ಅವನು ಬ್ಯಾಟರಿ ಆರಿಸಿ ಕಿಸೆಗೆ ಹಾಕಿಕೊಂಡ. ಬಾಗಿಲಲ್ಲಿ ನಿಂತಿದ್ದ ಸಿದ್ದವ್ವನ ದೊಡ್ಡಮಾವ ಧೂಳಪ್ಪ ಅದನ್ನು ನೋಡಿದ. ರುಮಾಲು ತೆಗೆದು ಕೈಯಲ್ಲಿ ಹಿಡಿದು, "ಬಾಯಿ, ಸಾಕ್ರೀ. ಹೆಣಕ್ಕ ಗಾಳಿ ಊದಿ ಏನ ಆಗ್ತದ? ಹೊತ್ತು ಇರೂದ್ರಾಗ ಊರಿಗಿ ಒಯ್ತೀವಿ. ಆಕಿ ಗಂಡ ಬಂದು ಮಾರಿ ನೋಡಲಿ" ಎಂದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿತ್ತು.

ನಾಡಿ ಇತ್ತು. ನಾನು ಗಳಿಗೆಗೊಮ್ಮೆ ಹಿಡಿದು ನೋಡುತ್ತಿದ್ದೆ, ಇತ್ತು. ಆದರೂ ಆ ಮುಖ ನೋಡಿದರೆ ನನ್ನ ನಂಬಿಕೆಯೂ ಸೋರಿಹೋಗುತ್ತಿತ್ತು. ಕುಸುಮಬಾಯಿಗೆ ಚೀಲ ದಾಟಿಸುವಾಗ, "ಬಾಯೀ, ಈಕಿ ಒಳಗ ಇಲ್ಲೇನೋ ಅನಸ್ತದ. ಯಾರ ಜೋಡಿ ಮಾತಾಡ್ತೀರಿ ನೀವು?" ಎಂದೆ.

ಅವರು ನನ್ನ ಕಡೆ ನೋಡಲಿಲ್ಲ, ಚೀಲದ ಕಡೆ ನೋಡುತ್ತ ನನಗಷ್ಟೇ ಕೇಳುವ ಹಾಗೆ ಹೇಳಿದರು. "ನಮ್ಮ ಊರಾಗ ಆವತ್ತು ಜನ ಏನ್ ಮಾಡಿದ್ರು ಗೊತ್ತದೇನು? ಯಾವ ಮನ್ಯಾಗಿಂದ ಸದ್ದು ಬಂತು, ಆ ಮನಿ ಅಗದ್ರು. ಕೈ ಕಡಿಮಿ, ಮನಿ ಬಹಳ. ಅವರದೇನು ತಪ್ಪಿಲ್ಲ. ನಮ್ಮ ಮನ್ಯಾಗಿಂದ ಸದ್ದು ಬರಲಿಲ್ಲ, ಮುಂದ ಹೋದ್ರು. ನಾ ಹೋಗಿ ಮುಟ್ಟೂದ್ರಾಗ ಸಂಜಿ ಆಗಿತ್ತು." ಎರಡು ಸಲ ಒತ್ತಿದರು. "ಎಲ್ಲಾರೂ ಅಂದ್ರು, ಸದ್ದಿಲ್ಲ ಅಂದ್ರ ನಿನ್ನ ಮಗಳು ನಿದ್ದಿಗಣ್ಣಾಗ ಪಟ್ಟನ ಹೋಗ್ಯಾಳ, ಆಕಿಗಿ ತ್ರಾಸ ಆಗಿಲ್ಲ ಅಂತ. ನಾನೂ ಹಂಗ ನಂಬೀನಿ. ಅದೊಂದರ ಮ್ಯಾಲ ನಾ ಅನ್ನ ತಿನ್ನಾಕತ್ತೀನಿ ಗಿರಿಜಾ. ಆದ್ರ ಈಕಿ ನನ್ನ ಕೈಯಾಗ ಅದಾಳ. ಸದ್ದಿಲ್ಲ ಅಂತ ಈಕೀನ ಬಿಟ್ಟು ನಾ ಮುಂದ ಹೋಗೂದಿಲ್ಲ."

ಆಮೇಲೆ ಧೂಳಪ್ಪನ ಕಡೆ ತಿರುಗಿ, ಇಡೀ ಅಂಗಳಕ್ಕೆ ಕೇಳುವ ಹಾಗೆ, "ನಾಡಿ ನಿಂತ ಮ್ಯಾಲ ನಾನ ಕರದು ಕೊಡ್ತೀನಿ. ಅಲ್ಲೀತನಕ ಹೆಣ ಅಂದ್ರ ಜೋಕೆ! ಕೈ ಬೇಕಾಗ್ಯಾವ ನನಗ, ಮಾತು ಬ್ಯಾಡ" ಎಂದರು.

ಮೊದಲು ಎದ್ದವಳು ಮಾಳವ್ವ. ಕೂಸನ್ನು ಧೂಳಪ್ಪನ ಕೈಗೆ ತುರುಕಿ, ಹೊಸ್ತಿಲ ಹತ್ತಿರ ಬಂದು, ಚಾವಣಿ ನೋಡದೆ ನೆಲ ನೋಡುತ್ತ ಒಳಗೆ ಬಂದುಬಿಟ್ಟಳು. "ಹ್ಯಾಂಗ ಒತ್ತೂದು ತೋರಸ್ರೀ," ಎಂದಳು. ಮೊದಲು ಆಡಿನ ಕೆಚ್ಚಲು ಹಿಂಡಿದ ಹಾಗೆ ಗಡಿಬಿಡಿಯಲ್ಲಿ ಒತ್ತಿ ನನ್ನಿಂದ ಬೈಸಿಕೊಂಡಳು. "ಆಕಿ ಎದಿ ಏಳೂದು ನೋಡ್ಕೋತ ಒತ್ತು, ನೀ ಆಕಿ ಅತ್ತಿ ಅನ್ನೂದು ಮರತು ಒತ್ತು," ಎಂದೆ. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಯಾರೋ ನಕ್ಕರು, ನಕ್ಕದ್ದು ಅವಳೇ. ಅವಳ ಹಿಂದೆ ಇನ್ನಿಬ್ಬರು ಬಂದರು. ಒದ್ದೆ ಕಂಬಳಿಗಳ ವಾಸನೆ ಕೋಣೆ ತುಂಬಿತು. ನಾನೋ ಕುಸುಮಬಾಯಿಯೋ ಒಬ್ಬರು ನಾಡಿ ಹಿಡಿದು ಕೂರುವುದು, ಉಳಿದವರು ಪಾಳಿಯಲ್ಲಿ ಒತ್ತುವುದು. ಹಾಗೇ ಸಂಜೆಯಾಯಿತು, ರಾತ್ರಿ ಕಳೆಯಿತು. ಯಾರು ಯಾವಾಗ ಉಂಡರೋ ನೆನಪಿಲ್ಲ.

ಮರುದಿನ ಬಿಸಿಲು ಬಿದ್ದಿತ್ತು. ಒತ್ತುತ್ತಿದ್ದವಳು ಮಾಳವ್ವ. ನಾನು ಸಿದ್ದವ್ವನ ಕಾಲು ಒರೆಸುತ್ತಿದ್ದೆ, ಹೆಬ್ಬೆರಳು ಅಲುಗಿದ ಹಾಗಾಯಿತು. ನನ್ನ ಕೈ ತಾಗಿರಬೇಕು ಅಂದುಕೊಂಡೆ. ಕೈ ತೆಗೆದು ಕಾದೆ. ಮತ್ತೆ ಅಲುಗಿತು. ಕುಸುಮಬಾಯಿಯ ರಟ್ಟೆ ಹಿಡಿದು ಜಗ್ಗಿದೆ. ಅವರು ಬಂದು ಸಿದ್ದವ್ವನ ಅಂಗೈಯಲ್ಲಿ ತಮ್ಮ ಬೆರಳಿಟ್ಟು, "ಹಿಡಿ" ಎಂದರು. ಬಹಳ ಹೊತ್ತಿನ ಮೇಲೆ, ಬಹಳ ಮೆಲ್ಲಗೆ, ಅವಳ ಬೆರಳು ಮಡಚಿಕೊಂಡವು.

ಸೊಲ್ಲಾಪುರಕ್ಕೆ ಹೋಗಿದ್ದ ಜೀಪು ತಿರುಗಿ ಬಂದಾಗ ಅವಳ ಎದೆ ತಾನಾಗಿಯೇ ಅರ್ಧಂಬರ್ಧ ಏಳತೊಡಗಿತ್ತು, ಅಲ್ಲಿಗೆ ಒಯ್ಯುವ ಅಗತ್ಯ ಬೀಳಲಿಲ್ಲ. ಅದರ ಮರುದಿನ ನಳಿಗೆ ತೆಗೆದೆವು. ಬಿಸಿಲಿದೆ ಎಂದು ತಗಡಿನ ಮಾಡಿಗೆ ಒಯ್ದು ಮಲಗಿಸಿದೆವು. ಕೂಸನ್ನು ಎದೆಗೆ ಹಚ್ಚಿದರು. ನೆಂಟರು ಜಮಾಯಿಸಿದರು, ನಾನು ಹಳೆಯ ಹುರುಪಿನಲ್ಲಿ ಗದರಿಸಿ ಅಟ್ಟಿದೆ. ಡಾಕ್ಟರ್ ಸುಮ್ಮಸುಮ್ಮನೆ ಬಂದು ಅವಳ ನಾಡಿ ಹಿಡಿದು ಹೋಗುತ್ತಿದ್ದ. ಧೂಳಪ್ಪ ಮಾತ್ರ ಮಂಚದ ಹತ್ತಿರ ಬರದೆ ಕಂಬಕ್ಕೆ ಒರಗಿ ನಿಂತಿದ್ದ.

ಕುಸುಮಬಾಯಿ ಗಂಜಿ ತಂದು ಚಮಚದಲ್ಲಿ ಕುಡಿಸುತ್ತಿದ್ದರು. ಎರಡು ಚಮಚ ಆದ ಮೇಲೆ ಸಿದ್ದವ್ವ ಅವರ ಮಣಿಕಟ್ಟು ಹಿಡಿದಳು. ಗಂಟಲು ಒಡೆದು ದನಿ ಗೊಗ್ಗರಾಗಿತ್ತು.

"ನೀವ ಅಲ್ರೀ ಹೆದರಬ್ಯಾಡ ಅಂದವರು?"

"ನಿನಗ ಕೇಳಿಸ್ತೇನವ್ವ?" ಎಂದೆ ನಾನು.

"ನಡುನಡುವ ಕೇಳಿಸ್ತಿತ್ರೀ. ದೊಡ್ಡಮಾವ ಹೆಣ ಅಂದಿದ್ದು ಕೇಳಿಸ್ತು. ಎಲ್ಲಾರೂ ಓಡಿದ್ದು ಕೇಳಿಸ್ತು. ನಾ ಜೀವಂತ ಇದ್ದೀನಿ, ಬಿಟ್ಟು ಹೋಗಬ್ಯಾಡ್ರೀ ಅಂತ ಒಳಗಿಂದ ಎಷ್ಟ ಒದರಿದೆ, ಎಷ್ಟ ಒದರಿದೆ. ತುಟಿ ಏಳಲಿಲ್ಲ, ಸದ್ದು ಹೊರಗ ಬರಲಿಲ್ಲ." ಉಸಿರು ತೆಗೆದುಕೊಂಡಳು. "ಒಬ್ಬರಿಗಾದ್ರೂ ಕೇಳಿಸಬಾರದೇನ್ರೀ ಬಾಯಿ, ಅಷ್ಟ ಒದರಿದ್ರೂ?"

ಸದ್ದು ಮಾಡದೆ ಹೋದ ಕುಸುಮಬಾಯಿಯ ಮಗಳ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ಅಲ್ಲಿದ್ದವರಲ್ಲಿ ನನಗೊಬ್ಬಳಿಗೆ ಗೊತ್ತಿತ್ತು. ಕುಸುಮಬಾಯಿಯ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತ್ತು, ಗಂಜಿ ಹನಿ ಹನಿಯಾಗಿ ಕಂಬಳಿಯ ಮೇಲೆ ಬೀಳುತ್ತಿತ್ತು. ವರ್ಷವಿಡೀ ಅವರು ಯಾವ ಒಂದು ಮಾತಿನ ಮೇಲೆ ಅನ್ನ ತಿಂದಿದ್ದರೋ, ಅದನ್ನು ಅವರೇ ಬದುಕಿಸಿದ ಹೆಣ್ಣು ಕಿತ್ತುಕೊಂಡಿದ್ದಳು. ನಾನು ಚಮಚ ತೆಗೆದುಕೊಳ್ಳಲು ಕೈ ಚಾಚಿದೆ, ಅವರು ಕೊಡಲಿಲ್ಲ.

ಚಮಚವನ್ನು ಬಟ್ಟಲಿನಲ್ಲಿಟ್ಟು ಅವರು ಸಿದ್ದವ್ವನ ಹಣೆಯ ಮೇಲೆ ಕೈ ಇಟ್ಟರು.

"ಕೇಳಿಸ್ತವ್ವ," ಎಂದರು. "ನನಗ ಕೇಳಿಸ್ತು."

ಯಾರಿಗೆ ಹೇಳಿದರೋ ನನಗೆ ತಿಳಿಯಲಿಲ್ಲ. ಅವರು ಸಿದ್ದವ್ವನ ಮುಖ ನೋಡುತ್ತಿರಲಿಲ್ಲ.